ತಾನಾಗಿ ಹೊತ್ತಿದ ಬಣವೆ

ಆ ವರ್ಷ ಗೋವಿನಜೋಳದ ತೆನೆ ಮುರಿದು ಮುಗಿಯುವ ಹೊತ್ತಿಗೆ ಸರಿಯಾಗಿ ಬರಬಾರದ ಮಳೆ ಬಂತು. ಡೋಣಿ ಎಂಬ ಊರಿನ ಕಡೆಯ ಹೊಲಗಳಲ್ಲಿ ದಂಟು ಕೊಯ್ದು ಸಾಲಾಗಿ ಮಲಗಿಸಿದ್ದರು. ಅದರ ಮೇಲೆ ಜಿಟಿಜಿಟಿ ಹಿಡಿದು, ಬಿಟ್ಟು, ಮತ್ತೆ ಹಿಡಿಯಿತು. ನಾನು ಮುಂಡರಗಿ ತಾಲ್ಲೂಕಿನ ಒಂದು ಸಣ್ಣ ವಿದ್ಯುತ್ ಸ್ಥಾವರದಲ್ಲಿ ಇಂಧನ ವಿಭಾಗ ನೋಡಿಕೊಳ್ಳುತ್ತಿದ್ದೆ. ನಮ್ಮದು ಕಲ್ಲಿದ್ದಲು ಉರಿಸುವ ಸ್ಥಾವರವಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಹತ್ತಿಕಟ್ಟಿಗೆ, ಎಣ್ಣೆ ಗಿರಣಿಗಳ ಶೇಂಗಾ ಸಿಪ್ಪೆ, ಗೋವಿನಜೋಳದ ದಂಟು, ಹೀಗೆ ರೈತರಿಗೆ ಬೇಡವಾದದ್ದನ್ನೆಲ್ಲ ತಂದು ಬಾಯ್ಲರಿಗೆ ಹಾಕಿ, ಅದರ ಉಗಿಯಿಂದ ಕರೆಂಟು ತೆಗೆಯುತ್ತಿದ್ದೆವು. ಬಾಯ್ಲರಿನ ಹೊಟ್ಟೆ ಬರಿದಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮಳೆಯಿಂದಾಗಿ ಲಾರಿಗಳು ಹೊಲಕ್ಕಿಳಿಯದೆ ಸ್ಥಾವರದ ಅಂಗಳದ ರಾಶಿ ದಿನದಿನಕ್ಕೆ ಕರಗುತ್ತಿತ್ತು. ಒಮ್ಮೆ ಬಾಯ್ಲರ್ ತಣ್ಣಗಾದರೆ ಮತ್ತೆ ಕಾಯಿಸಿ ಎಬ್ಬಿಸುವುದು ದೊಡ್ಡ ತಾಪತ್ರಯ.

ಇತ್ತ ರೈತರಿಗೂ ಅವಸರವಿತ್ತು. ಮಳೆ ನಿಂತ ಮೇಲೆ ನೆಲದಲ್ಲಿ ಹಸಿ ಇರುವಾಗಲೇ ಕಡಲೆ ಬಿತ್ತಬೇಕು. ಬಿತ್ತಬೇಕೆಂದರೆ ಹೊಲ ಖಾಲಿಯಾಗಬೇಕು. ಒಬ್ಬ ಹಿರಿಯ ರೈತರು ಕೆಸರು ಮೆತ್ತಿದ ಕಾಲಲ್ಲೇ ನನ್ನ ಜೀಪಿನ ಹತ್ತಿರ ಬಂದು, "ಬಾಯಾರ, ದಂಟು ಎತ್ತತೀರೋ, ಇಲ್ಲಾ ನಾವು ಕಡ್ಡಿ ಗೀರೂಣೋ? ಎರಡರಾಗ ಒಂದು ಹೇಳಿಬಿಡ್ರಿ" ಅಂದರು.

ಅವರ ಮಾತು ನನ್ನನ್ನು ಕಟ್ಟಿಹಾಕಿತು. ಹೊಲದಲ್ಲಿ ಬೆಂಕಿ ಹಚ್ಚಬೇಡಿ, ನಮಗೆ ಕೊಡಿ ಎಂದು ಊರೂರಿಗೆ ಹೋಗಿ, ಗುಡಿ ಮುಂದೆ, ಡೇರಿ ಮುಂದೆ ನಿಂತು ಹೇಳಿದವಳು ನಾನೇ. ಈಗ ಸ್ವಲ್ಪ ತಾಳಿ, ದಂಟು ಒಣಗಲಿ ಅನ್ನಲು ಬಾಯಿ ಬರಲಿಲ್ಲ. "ನಾಳಿಂದ ಎತ್ತತೇವ್ರಿ" ಅಂದೆ.

ಮರುದಿನ ಪೆಂಡಿ ಕಟ್ಟುವ ಯಂತ್ರ ಹೊಲಕ್ಕಿಳಿಯಿತು. ಟ್ರ್ಯಾಕ್ಟರಿನ ಹಿಂದೆ ಜೋಡಿಸುವ ಯಂತ್ರ ಅದು. ಬಿದ್ದ ದಂಟನ್ನು ಬಾಚಿಕೊಂಡು, ಒತ್ತಿ, ದಾರದಿಂದ ಬಿಗಿದು, ಹಿಂದಿನಿಂದ ಪೆಂಡಿ ಮಾಡಿ ಉರುಳಿಸುತ್ತದೆ. ಪ್ರತಿ ಪೆಂಡಿಯ ತೇವ ನೋಡಬೇಕು, ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ನೀರಿದ್ದರೆ ಬಣವೆ ಒಟ್ಟಬಾರದು ಎಂಬುದು ನಿಯಮ. ನಾನು ಮೀಟರಿನ ಮೊಳೆ ಚುಚ್ಚಿ ನೋಡಿದೆ. ಹೊರಮೈ ಗಾಳಿಗೆ ಆರಿತ್ತು. ಇನ್ನೂ ಒಳಕ್ಕೆ ಚುಚ್ಚಿದಾಗ ಸಂಖ್ಯೆ ಆ ಮಿತಿ ದಾಟಿತು. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿ ಒಂದು ವಾರದಲ್ಲಿ ಎಲ್ಲವನ್ನೂ ಒಣಗಿಸುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಊರ ಹೊರಗಿನ ರಸ್ತೆಯ ಎರಡೂ ಬದಿಗೆ ಒಂದೊಂದು ಬಣವೆ ಹಾಕಿಸಿದೆ. ಜಾಗ ಸಣ್ಣದು. ಪೆಂಡಿಗಳ ನಡುವೆ ಗಾಳಿಯಾಡಲು ಓಣಿ ಬಿಡಬೇಕಿತ್ತು, ಬಿಡಲಾಗಲಿಲ್ಲ. ಎತ್ತರ ಕಡಿಮೆ ಇರಬೇಕಿತ್ತು, ಎತ್ತರವಾಯಿತು. ಅಷ್ಟರಲ್ಲಿ ಮತ್ತೆ ಮೋಡ ಕವಿಯಿತು. ಎರಡೂ ಬಣವೆಗಳಿಗೆ ತಾಡಪಾಲು ಹೊದಿಸಿ ಬಿಗಿಯಾಗಿ ಕಟ್ಟಿಸಿದೆ.

ಅಲ್ಲಿ ಚಹಾದ ಅಂಗಡಿ ಹಾಕಿಸಿದ್ದೂ ನಾನೇ. ಪೆಂಡಿ ಹೊರುವವರಿಗೆ ಊರೊಳಗೆ ಹೋಗಿ ಬರುವುದರಲ್ಲೇ ಹೊತ್ತು ಹೋಗುತ್ತಿತ್ತು. ಊರಲ್ಲಿ ಮನೆಯ ಮುಂದೆಯೇ ಮಿರ್ಚಿ ಭಜಿ ಕರಿದು ಮಾರುವ ಹೆಂಗಸೊಬ್ಬರಿದ್ದರು. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಅತ್ತೆ ಮತ್ತು ಅವರು, ಇಬ್ಬರೇ. "ಅಕ್ಕಾರ, ಬಣವಿ ಹತ್ರ ಬೇವಿನ ಗಿಡದ ಕೆಳಗ ಒಂದು ತಗಡಿನ ಶೆಡ್ ಹಾಕ್ರಿ. ಚಾ, ಮಿರ್ಚಿ ಮಾಡಿದ್ರ ನಮ್ಮ ಮಂದಿಗೂ ಅನುಕೂಲ ಆಗತೈತಿ" ಎಂದು ನಾನೇ ಹೋಗಿ ಕೇಳಿದೆ.

"ಅಲ್ಲಿ ಒಲಿ ಹಚ್ಚಿದ್ರ ನಡೀತೈತೇನ್ರಿ ಬಾಯಾರ?" ಎಂದು ಅವರು ಕೇಳಿದ್ದರು. ಗಿಡ ಬಣವೆಯಿಂದ ದೂರವಿದೆ, ಒಲೆಗೆ ಮೂರು ಕಡೆ ಗೋಡೆ ಕಟ್ಟಿಸಿಕೊಡುತ್ತೇನೆ ಎಂದೆ. ಕಟ್ಟಿಸಿಯೂ ಕೊಟ್ಟೆ.

ಕೆಲವು ವಾರ ಕಳೆದವು. ಲಾರಿಗಳು ಬೇರೆ ಕಡೆಯ ಒಣಗಿದ ಮಾಲನ್ನೇ ಮೊದಲು ಒಯ್ಯುತ್ತಿದ್ದುದರಿಂದ ಈ ಎರಡು ಬಣವೆ ಹಾಗೇ ಉಳಿದಿದ್ದವು. ಒಂದು ಮಧ್ಯಾಹ್ನ ನಾನು ಬಾಯ್ಲರಿನ ಮುಂದೆ ಇದ್ದಾಗ, ಪೆಂಡಿ ಎತ್ತುವ ಲೋಡರ್ ಯಂತ್ರದ ಚಾಲಕನ ಫೋನು ಬಂತು. "ಮೇಡಂ, ಬಣವಿಗೆ ಬೆಂಕಿ ಹತ್ತೈತ್ರಿ! ಜಲ್ದಿ ಬರ್ರಿ!"

ನಾನು ಮುಟ್ಟುವ ಹೊತ್ತಿಗೆ ಪೂರ್ವದ ಬಣವೆ ಪೂರ್ತಿ ಹೊತ್ತಿಕೊಂಡಿತ್ತು. ಬೆಳೆಗೆ ಔಷಧ ಹೊಡೆಯುವ ಟ್ಯಾಂಕರುಗಳನ್ನು ಟ್ರ್ಯಾಕ್ಟರಿಗೆ ಜೋಡಿಸಿ ಊರವರೇ ನೀರು ಹಾಯಿಸುತ್ತಿದ್ದರು. ಹೆಂಗಸರು ಬುಟ್ಟಿಗಳಲ್ಲಿ ಮಣ್ಣು ತಂದು ಸುರಿಯುತ್ತಿದ್ದರು. ಮುಂಡರಗಿಯಿಂದ ಬೆಂಕಿ ಆರಿಸುವ ಗಾಡಿ ಬಂದು ಎದುರು ಬದಿಯ ಬಣವೆಯನ್ನು ಉಳಿಸಿತು. ಆದರೆ ಗಾಳಿಗೆ ಹಾರಿದ ಉರಿ, ಪಕ್ಕದ ಹಿತ್ತಲಲ್ಲಿ ಒಬ್ಬರು ಎಮ್ಮೆಗಳಿಗೆಂದು ಕೂಡಿಟ್ಟಿದ್ದ ಜೋಳದ ಕಣಿಕೆಯ ಬಣವೆಯನ್ನೂ ನುಂಗಿತು. ಚಹಾದ ಅಂಗಡಿಯ ಕಂಬಗಳಿಗೂ ಉರಿ ತಗಲಿ ತಗಡು ನೆಲಕ್ಕೆ ಬಿದ್ದಿತ್ತು. ಯಾರ ಜೀವಕ್ಕೂ ಏನೂ ಆಗಲಿಲ್ಲ.

ನಮ್ಮ ಮ್ಯಾನೇಜರ್ ಬಂದಾಗ ಊರೆಲ್ಲ ಪಂಚಾಯ್ತಿ ಕಟ್ಟೆಯ ಸುತ್ತ ಸೇರಿತ್ತು. ಅವರು ಸಿಡುಕಿನ ಮನುಷ್ಯರಲ್ಲ. ಹೆಂಗಸಿಗೆ ಇಂಧನ ವಿಭಾಗ ಕೊಡಬೇಡಿ ಎಂದವರ ಮಾತು ಕೇಳದೆ ನನಗೆ ಆ ಕೆಲಸ ಕೊಟ್ಟವರು. ಸುಟ್ಟ ಜಾಗವನ್ನು ಒಂದು ಸುತ್ತು ನೋಡಿ ಬಂದು, ಎಲ್ಲರಿಗೂ ಕೇಳುವಂತೆ ಕೇಳಿದರು:

"ಬಣವಿ ಮಗ್ಗಲಾಗ ಒಲಿ ಯಾರದು? ಇಂಥಾ ಮಾಲಿನ ಹತ್ರ ಒಲಿ ಹಚ್ಚಿದ್ರ ಮತ್ತೇನಾಗತೈತಿ? ಕಿಡಿ ಹಾರೈತಿ." ಆಮೇಲೆ ನನ್ನ ಕಡೆ ತಿರುಗಿದರು. "ಅಲ್ಲಿ ಒಲಿ ಹಚ್ಚಾಕ ಬಿಟ್ಟವರು ಯಾರು?"

"ನಾನ್ರಿ ಸರ್."

ಅವರು ಮುಖ ತಿರುಗಿಸಿ ತಮ್ಮ ಗಾಡಿಯ ಕಡೆ ನಡೆದರು. ಬೈದಿದ್ದರೆ ಚೆನ್ನಾಗಿತ್ತು. ಊರವರೆಲ್ಲ ನನ್ನನ್ನೇ ನೋಡುತ್ತಿದ್ದರು. ಎಮ್ಮೆಗಳ ಮೇವು ಕಳೆದುಕೊಂಡವರು ಕಟ್ಟೆಯ ಮೂಲೆಯಲ್ಲಿ ತಲೆ ಮೇಲೆ ಕೈಹೊತ್ತು ಕುಳಿತಿದ್ದರು. ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಅಷ್ಟು ನಾಚಿಕೆಯನ್ನು ಹೊತ್ತುಕೊಂಡು ನಿಲ್ಲಲಾಗದೆ, ಅದನ್ನು ಇನ್ನೊಬ್ಬರ ಮೇಲೆ ಹಾಕಲು ಹೊರಟೆ.

ನೇರವಾಗಿ ಚಹಾದ ಅಂಗಡಿಯವರ ಮನೆಗೆ ಹೋದೆ. ಬೆಂಕಿಯ ಹತ್ತಿರ ಮಣ್ಣು ಹೊತ್ತು ಹೊತ್ತು ಅವರ ಸೀರೆಯ ನೆರಿಗೆ ಕರ್ರಗಾಗಿತ್ತು. ಮನೆ ಮುಂದಿನ ಕಟ್ಟೆಯ ಮೇಲೆ ಅತ್ತೆ ಕುಳಿತಿದ್ದರು. ನಾನು ಓಣಿಯಲ್ಲೇ ನಿಂತು ಕೂಗಾಡಿದೆ. ಅಲ್ಲಿಯವರೆಗೆ ಅವರನ್ನು 'ಅಕ್ಕಾರ' ಎಂದು ಬಹುವಚನದಲ್ಲಿ ಕರೆಯುತ್ತಿದ್ದವಳ ಬಾಯಲ್ಲಿ ಏಕವಚನ ಬಂತು.

"ನಿನಗ ಬುದ್ಧಿ ಐತೇನು? ನಂಬಿ ಜಾಗ ಕೊಟ್ಟರ ಊರ ಸುಟ್ಟಿ! ಒಲಿ ಆರಿಸಿ ಬರಾಕ ಏನಾಗಿತ್ತು?"

"ನೀರು ಹಾಕಿ ಬಂದೀನ್ರಿ ಬಾಯಾರ. ಕೈಯಾರೆ ನೀರು ಹಾಕೀನಿ. ಮನಿಗೆ ಬಂದು ಉಣ್ಣಾಕತ್ತಿದ್ನಿ, ಆವಾಗ ಬೆಂಕಿ ಅಂದ್ರು."

"ಮತ್ತ ಬಣವಿ ತಾನ ಹೊತ್ತಿತೇನು?"

ಓಣಿಯ ಬಾಗಿಲುಗಳಲ್ಲಿ ಜನ ನಿಂತು ಕೇಳುತ್ತಿದ್ದರು. ನಾನು ಬೆನ್ನು ತಿರುಗಿಸಿ ಬಂದೆ. ಜೀಪಿನಲ್ಲಿ ಕುಳಿತಾಗ ಮೈ ಹಗುರಾದಂತೆ ಅನ್ನಿಸಿತ್ತು. ಆ ಹಗುರವನ್ನು ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಆಮೇಲಿನ ಸುದ್ದಿ ಲೋಡರ್ ಚಾಲಕನಿಂದ ಗೊತ್ತಾಗುತ್ತಿತ್ತು. ಅವನು ಅದೇ ಊರವನು. ನಲ್ಲಿಯ ಹತ್ತಿರ ಅವರು ಕೊಡ ಇಟ್ಟರೆ ಉಳಿದ ಹೆಂಗಸರು ತಮ್ಮ ಕೊಡ ಸರಿಸುತ್ತಾರಂತೆ. ಮನೆ ಮುಂದಿನ ಮಿರ್ಚಿಯನ್ನೂ ಯಾರೂ ಕೊಳ್ಳುತ್ತಿಲ್ಲವಂತೆ. "ಅತ್ತಿನೂ ಮಾತು ಬಿಟ್ಟಾಳ್ರಿ ಮೇಡಂ. ಸೊಸಿ ಕೈಯಾಗಿಂದು ಉಣ್ಣಂಗಿಲ್ಲ, ಆ ವಯಸ್ಸಿನ್ಯಾಗ ತಾನ ರೊಟ್ಟಿ ಬಡ್ಕೊಳ್ಳಾಕತ್ತಾಳ" ಎಂದ. ಕೇಳಿ ಬೇಸರವಾಯಿತು. ಆದರೆ ಎಚ್ಚರ ತಪ್ಪಿದರೆ ಹೀಗೇ ಆಗುವುದು ಎಂದು ಸುಮ್ಮನಾದೆ.

ಬೂದಿ ತೆಗೆಸಲು ನಾನು ಮತ್ತೆ ಆ ಊರಿಗೆ ಹೋದೆ. ಕೂಲಿಯವರು ಗುಡ್ಡೆ ಎಳೆಯುತ್ತಿದ್ದಾಗ ಸುಮ್ಮನೆ ಸುತ್ತ ನಡೆದೆ. ಬೇವಿನ ಗಿಡ ಬಣವೆಯ ದಕ್ಷಿಣ ತುದಿಯ ಆಚೆಗಿತ್ತು. ಕಿಡಿ ಅಲ್ಲಿಂದ ಹಾರಿದ್ದರೆ ಆ ತುದಿಯೇ ಹೆಚ್ಚು ಸುಟ್ಟಿರಬೇಕು. ಅಲ್ಲಿ ಪೆಂಡಿಗಳ ಹೊರಮೈ ಮಾತ್ರ ಕರಿಯಾಗಿತ್ತು. ಕಾಲಿನಿಂದ ಒದ್ದು ಬಿಚ್ಚಿದರೆ ಒಳಗೆ ದಂಟು ಹಾಗೇ ಇತ್ತು. ಉತ್ತರದ ಕಡೆ ಹೋದಂತೆ ಬೇರೆಯೇ ಚಿತ್ರ. ನಡುವಿನ ಪೆಂಡಿಗಳು ಬಿಳೀ ಬೂದಿಯಾಗಿ ಕುಸಿದಿದ್ದವು. ಅವುಗಳ ಅಕ್ಕಪಕ್ಕದ ಪೆಂಡಿಗಳು ಹೊರಗೆ ಸುಡದೆ ಒಳಗೆ ಹೊಗೆಸೊಪ್ಪಿನ ಹಾಗೆ ಕಂದಿದ್ದವು. ಬೆಂಕಿ ಹೊರಗಿನಿಂದ ಒಳಗೆ ಹೋಗಿರಲಿಲ್ಲ. ಒಳಗಿನಿಂದ ಹೊರಗೆ ಬಂದಿತ್ತು.

ನಾನು ರಸ್ತೆ ದಾಟಿ ಉಳಿದ ಬಣವೆಯ ಮೇಲೆ ಹತ್ತಿದೆ. ತಾಡಪಾಲಿನ ಹಗ್ಗ ಸಡಿಲಿಸಿ ಕೈ ಒಳಗೆ ಹಾಕಿದಾಗ ಬೆಚ್ಚಗಿನ ಹಸಿ ಗಾಳಿ ಮುಖಕ್ಕೆ ಬಡಿಯಿತು. ಆಲೆಮನೆಯಲ್ಲಿ ತಳ ಹತ್ತಿದ ಬೆಲ್ಲದಂಥ ವಾಸನೆ. ಓದುವಾಗ ಕಲಿತದ್ದೆಲ್ಲ ಒಮ್ಮೆಗೇ ನೆನಪಿಗೆ ಬಂತು. ಹಸಿ ದಂಟನ್ನು ಒತ್ತಿ ಮುಚ್ಚಿಟ್ಟರೆ ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿನ್ನುತ್ತ ಕಾವು ಹುಟ್ಟಿಸುತ್ತವೆ. ಕಾವು ಹೊರಹೋಗಲು ದಾರಿ ಇಲ್ಲದಿದ್ದರೆ ಅದು ಏರುತ್ತಲೇ ಹೋಗುತ್ತದೆ. ದಾರಿ ಮುಚ್ಚಿ ತಾಡಪಾಲು ಬಿಗಿಸಿದವಳು ನಾನು.

ಜೀಪಿನಲ್ಲಿ ಕಾವು ಅಳೆಯುವ ಸಲಾಕೆ ಇತ್ತು. ಉದ್ದನೆಯ ಉಕ್ಕಿನ ಕಡ್ಡಿ, ಹಿಡಿಕೆಯ ಕಡೆ ಗಡಿಯಾರದಂಥ ಮುಖ. ಸ್ಥಾವರದ ಅಂಗಳದ ರಾಶಿಗಳಿಗೆ ವಾರಕ್ಕೊಮ್ಮೆ ಚುಚ್ಚಿ ನೋಡುತ್ತಿದ್ದೆವು. ಹಳ್ಳಿಯ ಬಣವೆಗಳಿಗೆ ಅದು ಬಂದಿರಲೇ ಇಲ್ಲ. ತೋಳಿನುದ್ದ ಒಳಗೆ ತಳ್ಳಿ ಕಾದೆ. ಮುಳ್ಳು ಎಂಬತ್ತು ಡಿಗ್ರಿ ದಾಟಿಯೂ ನಿಲ್ಲಲಿಲ್ಲ. ಹೊರಗೆಳೆದಾಗ ಸಲಾಕೆಯ ಮೈ ತಗಲಿ ಬೆರಳು ಸುಟ್ಟಿತು. ಇದೂ ಹೊತ್ತಲು ತಯಾರಾಗಿ ಕುಳಿತಿತ್ತು.

ಅಲ್ಲೇ ಕುಳಿತೆ. ನಾನು ಓಣಿಯಲ್ಲಿ ನಿಂತು ಕೂಗಿದ ಮಾತು ಒಂದೊಂದಾಗಿ ಕಿವಿಗೆ ಬಂತು. ಮ್ಯಾನೇಜರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

ಅವರು ದನಿ ತಗ್ಗಿಸಿ ಹೇಳಿದರು. "ಬಣವಿ ಬಿಚ್ಚಿಸ್ರಿ, ಆದರ ಗದ್ದಲ ಮಾಡಬ್ಯಾಡ್ರಿ. ನಾಳಿಗೆ ವಿಮೆಯವರು ಬರ್ತಾರ. ಒಳಗಿನ ಕಾವಿಗೆ ತಾನ ಹೊತ್ತಿತು ಅಂದ್ರ ವಿಮೆ ಸಿಗಂಗಿಲ್ಲ, ಗೊತ್ತೈತಿಲ್ಲ?"

"ಆ ಹೆಣ್ಣಮಗಳ ಹೆಸರು ಕೆಟ್ಟೈತ್ರಿ ಸರ್."

"ಆಕಿ ಮ್ಯಾಲೆ ನಾವೇನು ಕೇಸ್ ಹಾಕಂಗಿಲ್ಲ. ನಾಲ್ಕು ದಿನ ಅಂತಾರ, ಬಿಡತಾರ. ಸ್ಥಾವರ ನಿಂತರ ಎಷ್ಟು ಮನಿ ಒಲಿ ಆರತಾವು, ವಿಚಾರ ಮಾಡ್ರಿ."

ಅವರು ಹೇಳಿದ್ದು ಸುಳ್ಳಲ್ಲ. ಸ್ಥಾವರವನ್ನೇ ನಂಬಿದ ಮನೆಗಳು ಆ ಊರಲ್ಲೂ ಇದ್ದವು. "ಆತ್ರಿ" ಎಂದು ಫೋನ್ ಇಟ್ಟೆ. ಕೂಲಿಯವರು ಆಗಲೇ ಸಲಿಕೆ ಹಿಡಿದು ಬಣವೆಯ ಹತ್ತಿರ ಬಂದು ನಿಂತಿದ್ದರು. ಬಿಚ್ಚಿ ಹರವಿಬಿಟ್ಟರೆ ಸಂಜೆಯೊಳಗೆ ಎಲ್ಲ ತಣ್ಣಗಾಗುತ್ತದೆ. ಒಳಗೇನಿತ್ತೆಂದು ತೋರಿಸಲು ಏನೂ ಉಳಿಯುವುದಿಲ್ಲ. ಅವರು "ಶುರು ಮಾಡೂಣೇನ್ರಿ?" ಎಂದು ಕೇಳಿದಾಗ, "ತಡೀರಿ" ಅಂದೆ.

ಮೊದಲು ವಿಮೆಯವರಿಗೆ ಫೋನ್ ಮಾಡಿದೆ. ಅವರು ಆಗಲೇ ಗದಗಿಗೆ ಬಂದಿದ್ದರು. ನಾಳೆಯವರೆಗೆ ಈ ಬಣವೆ ತಾಳುವುದಿಲ್ಲ, ನೋಡುವುದಿದ್ದರೆ ಈಗಲೇ ಬನ್ನಿ ಎಂದೆ. ಆಮೇಲೆ ಮುಂಡರಗಿಗೆ ಹೇಳಿ ಬೆಂಕಿ ಆರಿಸುವ ಗಾಡಿ ತರಿಸಿದೆ. ಲೋಡರ್ ಚಾಲಕನನ್ನು ಊರೊಳಗೆ ಕಳಿಸಿ ಪಂಚಾಯ್ತಿಯವರನ್ನು, ಮೇವು ಕಳೆದುಕೊಂಡವರನ್ನು, ಬರುವವರನ್ನೆಲ್ಲ ಕರೆಸಿದೆ. ಚಹಾದ ಅಂಗಡಿಯವರನ್ನೂ ಕರೆದು ಬಾ ಎಂದಿದ್ದೆ. ಅವನು ವಾಪಸು ಬಂದು, "ನಾ ಬರಂಗಿಲ್ಲ ಅಂದಾರ್ರಿ" ಎಂದ.

ಇಂಥ ಬಣವೆಯನ್ನು ಬಿಚ್ಚುವುದು ಸುಲಭವಲ್ಲ. ತಾಡಪಾಲನ್ನು ಒಮ್ಮೆಗೇ ಎಳೆದರೆ ಒಳಗೆ ಗಾಳಿ ನುಗ್ಗಿ ಭಗ್ಗೆಂದು ಹೊತ್ತುತ್ತದೆ. ಮೇಲೆ ಹತ್ತಿದರೆ ಟೊಳ್ಳಾದ ಕಡೆ ಕಾಲು ಕುಸಿಯುತ್ತದೆ. ಆಗಲೇ ನಾನು ಹತ್ತಿ ಇಳಿದದ್ದು ನೆನಪಾಗಿ, ಯಾರೂ ಮೇಲೆ ಹತ್ತಬೇಡಿ ಎಂದೆ. ಗಾಳಿ ಬರುವ ಕಡೆ ಬಿಟ್ಟು ಎದುರು ತುದಿಯಿಂದ ಶುರು ಮಾಡಿದೆವು. ಲೋಡರ್ ಒಂದು ಪೆಂಡಿ ಕಚ್ಚಿ ತೆಗೆಯಬೇಕು, ನೀರು ಹಾಯಿಸಬೇಕು, ದೂರ ಒಯ್ದು ಎರೆಮಣ್ಣಿನ ಮೇಲೆ ಬಿಚ್ಚಿ ಹರವಬೇಕು, ಆಮೇಲೆ ಮುಂದಿನದು. ಮೊದಲ ಪೆಂಡಿಗಳು ಬರೀ ಬೆಚ್ಚಗಿದ್ದವು. ಜನರಿಗೆ ಬೇಸರ ಬಂತು. "ಏನ್ ತೋರ್ಸಾಕ ಕರೆಸ್ಯಾರ ಇವ್ರು?" ಎಂದು ಯಾರೋ ಗೊಣಗಿದರು.

ನಡುವಿನ ಸಾಲು ಮುಟ್ಟುವಾಗ ಹಬೆಯ ಬಣ್ಣ ಬದಲಾಯಿತು. ಲೋಡರಿನ ಹಲ್ಲು ಒಂದು ಪೆಂಡಿಯನ್ನು ಹಿಡಿದು ಎಳೆಯಿತು. ಪೆಂಡಿ ಅಲ್ಲೇ ಮುರಿದು ಒಳಗಿನಿಂದ ಕೆಂಡ ಸುರಿಯಿತು. ಗಾಳಿ ತಗಲಿದ್ದೇ ಉರಿ ಎದ್ದಿತು. ಜನ ಕೂಗುತ್ತ ಹಿಂದೆ ಸರಿದರು. ಕಾದು ನಿಂತಿದ್ದ ಪೈಪಿನವರು ನೀರು ಬಿಟ್ಟರು. ಹಬೆ ಸರಿದಾಗ ಬಣವೆಯ ಹೊಟ್ಟೆಯಲ್ಲಿ ಒಬ್ಬ ಆಳು ಕೂರುವಷ್ಟು ಕರೀ ಗುಹೆ ಕಂಡಿತು. ಸುತ್ತ ಎಲ್ಲೂ ಒಲೆ ಇರಲಿಲ್ಲ.

ವಿಮೆಯವರು ಫೋಟೋ ತೆಗೆದುಕೊಳ್ಳುತ್ತಿದ್ದರು. "ಸುಟ್ಟ ಬಣವೆಯೂ ಇದೇ ಮಾಲಿನದೇ?" ಎಂದು ಕೇಳಿದರು.

"ಅದೇ ದಂಟು, ಅದೇ ಮಳೆ. ಎರಡನ್ನೂ ಒಟ್ಟಿಗೆ ಹಾಕಿಸಿದ್ದು" ಎಂದೆ. ಅಷ್ಟರಲ್ಲಿ ಬಂದು ಸೇರಿದ್ದ ಮ್ಯಾನೇಜರ್ ನನ್ನ ಹಿಂದೆಯೇ ನಿಂತಿದ್ದರು. ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ಮುಂದೆ ಏನಾಯಿತೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಮೆ ಸಿಗಲಿಲ್ಲ. ಸ್ಥಾವರ ಮುಚ್ಚಲಿಲ್ಲ, ಆದರೆ ಆ ಹಂಗಾಮಿನಲ್ಲಿ ಬಹಳ ದಿನ ಬಾಯ್ಲರ್ ತಣ್ಣಗಿತ್ತು. ಎಮ್ಮೆಗಳ ಮೇವನ್ನು ಸ್ಥಾವರವೇ ತಂದುಕೊಟ್ಟಿತು. ನನ್ನನ್ನು ಇಂಧನದಿಂದ ತೆಗೆದು ಬೂದಿ ಸಾಗಿಸುವ ಕೆಲಸಕ್ಕೆ ಹಾಕಿದರು. ಮ್ಯಾನೇಜರ್ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡುವುದನ್ನು ನಿಲ್ಲಿಸಿದರು. ಅವರನ್ನು ದೂರಲಾರೆ.

ಬಣವೆ ಬಿಚ್ಚಿದ ದಿನ ಸಂಜೆ ಪಂಚಾಯ್ತಿ ಕಟ್ಟೆಯ ಮೇಲೆ ಮ್ಯಾನೇಜರೇ ನಿಂತು, "ಅವಘಡ ತಾಂತ್ರಿಕ ಕಾರಣದಿಂದ ಆಗೈತಿ" ಎಂದರು.

"ತಾಂತ್ರಿಕ ಅಂದ್ರ ಯಾರ್ರಿ?" ಎಂದು ಹಿಂದಿನಿಂದ ಒಬ್ಬರು ಕೇಳಿದರು.

ನಾನು ಎದ್ದು, ಅಂಗಡಿಯವರ ಒಲೆಯಿಂದ ಬೆಂಕಿ ಹತ್ತಿಲ್ಲ ಎಂದು ಹೇಳಿದೆ. ಕೆಲವರು ತಲೆಯಾಡಿಸಿದರು. ಕೆಲವರು ಎದ್ದು ಹೋದರು. ಕೆಲಸ ಮುಗಿಯಿತು ಎಂದುಕೊಂಡೆ. ಆದರೆ ನನ್ನ ಮನೆಯಿದ್ದ ಬೆಟಗೇರಿಗೆ ಮರಳುವ ದಾರಿಯಲ್ಲಿ, ಊರು ಹತ್ತಿರವಾಗುತ್ತ ಬಂದಂತೆ, ಮುಗಿದಿಲ್ಲ ಎಂದು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಅವರು ಹೊಸ್ತಿಲಲ್ಲಿ ನಿಂತರು, ಒಳಗೆ ಕರೆಯಲಿಲ್ಲ.

"ಅಕ್ಕಾರ, ತಪ್ಪಾತು. ನಿನ್ನೆ ಕಟ್ಟಿ ಮ್ಯಾಲೆ ಎಲ್ಲಾರ ಮುಂದ ಹೇಳೀನ್ರಿ."

"ಹೇಳಿದ್ರಂತ ಕೇಳೀನ್ರಿ. ಅಲ್ಲಿ ನನಗ ಅಂದವರು ನಿಮ್ಮ ಸಾಹೇಬರು. ನೀವು ಅಂದಿದ್ದು ಇಲ್ಲೆ, ಓಣ್ಯಾಗ."

"ಅದಕ್ಕ ಬಂದೀನ್ರಿ."

"ನನಗೇನ್ ಹೇಳ್ತೀರಿ? ನಾ ಒಲಿಗೆ ನೀರು ಹಾಕಿದ್ದು ನನಗ ಗೊತ್ತೈತಿ." ಅವರು ಮನೆ ಮುಂದಿನ ಕಟ್ಟೆಯ ಕಡೆ ತೋರಿಸಿದರು. "ಅತ್ತಿಗೆ ಹೇಳ್ರಿ."

ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಪಕ್ಕದಲ್ಲಿ ಕುಳಿತು ಮೆಲ್ಲಗೆ ವಿಷಯ ಹೇಳಿದೆ. ಅವರು ಕಿವಿಗೆ ಕೈ ಹಚ್ಚಿ, "ಏನಂದಿ?" ಎಂದರು.

"ಜೋರಾಗಿ ಅನ್ರಿ ಬಾಯಾರ, ಆಕಿಗೆ ಕಿವಿ ಮಂದ" ಎಂದು ಸೊಸೆ ಹೊಸ್ತಿಲಿಂದಲೇ ಹೇಳಿದರು. "ಅವತ್ತ ಕೇಳಿಸಿತ್ತು. ಅಷ್ಟ ಜೋರು ಅಂದ್ರ ಸಾಕು."

ನಾನು ಎದ್ದು ನಿಂತು ಕೂಗಿದೆ. "ಯವ್ವಾ, ನಿಮ್ಮ ಸೊಸಿ ಒಲಿಯಿಂದ ಬೆಂಕಿ ಹತ್ತಿಲ್ಲರಿ! ದಂಟು ಹಸಿ ಇತ್ತು! ಬಣವಿ ಒಳಗ ಕಾದು ತಾನ ಹೊತ್ತೈತಿ!" ಓಣಿಯ ಬಾಗಿಲುಗಳು ತೆರೆದವು. ಅವತ್ತು ಕೇಳಿದವರೇ ಇವತ್ತೂ ಬಂದು ನಿಂತರು.

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಾನ ಹ್ಯಾಂಗ ಹೊತ್ತತೈತಿ ತಂಗಿ? ಹಸೀದನ್ನ ಒಟ್ಟಿದವರು ಯಾರು?"

ಮಳೆ ಎನ್ನಬಹುದಿತ್ತು. ರೈತರ ಅವಸರ ಎನ್ನಬಹುದಿತ್ತು. ನಾವು, ಕಂಪನಿಯವರು ಎಂದರೂ ನಡೆಯುತ್ತಿತ್ತು.

"ನಾನ ಯವ್ವಾ" ಅಂದೆ. ಆ ಮಾತಿಗೆ ನನ್ನ ದನಿ ಏಳಲೇ ಇಲ್ಲ. ಆದರೂ ಅವರಿಗೆ ಕೇಳಿಸಿತು.

ಅವರು ಮೊರ ಕೆಳಗಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದು, ಹೊಸ್ತಿಲ ಕಡೆ ತಿರುಗಿ, "ರೊಟ್ಟಿ ಬಡೀ, ಹಸಿವಾಗೈತಿ" ಎಂದರು. ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಮುದುಕಿಯೂ ಗೋಡೆ ಹಿಡಿದು ಹಿಂದೆಯೇ ಹೋದರು. ನನಗೆ ಯಾರೂ ಕುಂಡ್ರು ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಓಣಿಯವರು ನೋಡುತ್ತಿದ್ದಂತೆ ನಾನೇ ಕಟ್ಟೆ ಇಳಿದು ಚಪ್ಪಲಿ ಮೆಟ್ಟಿಕೊಂಡೆ.